ಗೀರು ಎಳೆಯುವಷ್ಟು ಹೊತ್ತು

ಫೆಬ್ರವರಿ 11

ಅತ್ತೆಗೆ ನಮಸ್ಕಾರ.

ನೀವು ಹೆಣೆದು ಕಳಿಸಿದ ಕೈಗವಸು ಬಂತು. ಬೆರಳಿನ ತುದಿಗಳನ್ನು ಬಿಟ್ಟು ಹೆಣೆದಿದ್ದೀರಿ. ಗಾಜು ಹಿಡಿಯುವವಳಿಗೆ ಬೆರಳು ಹೊರಗಿರಬೇಕೆಂದು ಗಡಿಯಾಚೆ ಅಷ್ಟು ದೂರದಲ್ಲಿ ಕುಳಿತು ನೆನಪಿಟ್ಟುಕೊಂಡವರು ನೀವೊಬ್ಬರೇ.

ಅಂಗಡಿಯಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲ. ಗಲಾಟೆಯಲ್ಲಿ ಒಡೆದ ಊರಿನ ಕಿಟಕಿಗಳೆಲ್ಲ ಮಾವನವರ ಮೇಜಿಗೇ ಬರುತ್ತಿವೆ. ಸರ್ಕಾರ ಉರುಳಿದ್ದರಿಂದ ನಿಜವಾಗಿ ಲಾಭವಾದದ್ದು ನನಗೆ ಎಂದು ಎದುರು ಅಂಗಡಿಯ ದರ್ಜಿ ಹಂಗಿಸುತ್ತಾನೆ. "ಕಲ್ಲು ಹೊಡೆದೋರಿಗೆ ನೀನೇ ಕಮಿಷನ್ ಕೊಟ್ಟಿದ್ದೆ ಅಂತ ಕಾಣತ್ತೆ" ಎನ್ನುತ್ತಾನೆ. ಅವನ ಅಂಗಡಿಯ ಗಾಜನ್ನೂ ನಾನೇ ಹಾಕಿಕೊಟ್ಟೆ.

ಒಂದು ವಿಷಯ ಕೇಳಬೇಕಿತ್ತು. ದೇಶಕ್ಕೆ ಈಗ ಹಾಡಿಲ್ಲ. ಹಳೆಯದನ್ನು ಹಾಡುವಂತಿಲ್ಲ, ಅದನ್ನು ಬರೆದವನು ದೊರೆಯ ಜತೆಗೇ ವಿಮಾನ ಹತ್ತಿ ಓಡಿಹೋದ. ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತು, ಸ್ವಲ್ಪ ಹೊತ್ತು ಟೀಚರ ಮುಖ ನೋಡಿ, ಹಾಗೇ ಒಳಗೆ ಹೋಗುತ್ತಾರೆ. ಹೊಸದನ್ನು ಆರಿಸಲು ಸಮಿತಿ ಕೂತಿದೆ. ಯಾರು ಬೇಕಾದರೂ ಹಾಡು ತರಬಹುದಂತೆ. ದರ್ಜಿ ಸೋಪಿನ ಜಾಹೀರಾತಿನ ಹಾಡು ಕೊಡುತ್ತಾನಂತೆ. "ಇಡೀ ದೇಶಕ್ಕೆ ಬಾಯಿಪಾಠ ಇರೋದು ಅದೊಂದೇ."

ಯಾವ ಮನುಷ್ಯನನ್ನೂ ಹೊಗಳಬಾರದು, ಯಾರನ್ನೂ ಶತ್ರು ಎನ್ನಬಾರದು, ಮಕ್ಕಳ ಗಂಟಲಿಗೆ ಎಟುಕಬೇಕು. ಇನ್ನೂ ಒಂದೆರಡು ನಿಯಮಗಳಿವೆ, ಅವು ಕಚೇರಿಯ ಮಾತು.

ನನಗೆ ನಮ್ಮ ಅಂಗಡಿಯ ಹಾಡು ನೆನಪಾಯಿತು. ಅದನ್ನು ಕಟ್ಟಿದವರ ಮಾತನ್ನು ಕಾಗದದಲ್ಲಿ ಎತ್ತುವುದಿಲ್ಲ, ನಮ್ಮ ಒಪ್ಪಂದದಂತೆ. ಕೊಟ್ಟುಬರಲೇ? ಕೊನೆಯ ಸಾಲು ಒಮ್ಮೊಮ್ಮೆ ನನಗೆ ಜಾರುತ್ತದೆ. ನಿಮಗೆ ನೆನಪಿರುವಂತೆ ಬರೆದು ಕಳಿಸಿ.

ನಿಮ್ಮ ಸೊಸೆ


ಮಾರ್ಚ್ 6

ಮಗಳೇ,

ಕೊಡು. ಅದಕ್ಕೂ ನನ್ನನ್ನು ಕೇಳಬೇಕೇ? ಆ ಹಾಡು ನನ್ನ ಎದುರಿಗೇ ಹುಟ್ಟಿದ್ದು. ತನ್ನ ಅಪ್ಪನ ಹತ್ತಿರ ಕೆಲಸ ಕಲಿಯುವಾಗ ಅವನಿಗೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಮಾತಾಡುತ್ತ ಗೀರು ಎಳೆಯುವುದು, ಗೀರು ಅಡ್ಡ ಹೋಗುವುದು, ಬೈಸಿಕೊಳ್ಳುವುದು. ಕೊನೆಗೆ ಅವನೇ ಉಪಾಯ ಹುಡುಕಿದ. ಒಂದು ಸಾಲು ಹಾಡು, ಉಸಿರು ಹಿಡಿ, ಗಾಜಿನ ಈ ಅಂಚಿನಿಂದ ಆ ಅಂಚಿನವರೆಗೆ ಗೀರು ಎಳೆ, ಮುರಿ, ಮುಂದಿನ ಸಾಲು ಹಾಡು.

ಗಾಳಿ ಹೊರಗೆ ಇರಲಿ
ಬೆಳಕು ಒಳಗೆ ಬರಲಿ
ದಾರಿ ನೋಡೋ ಕಣ್ಣಿಗೆ
ದಾರಿ ಕಾಣುತಿರಲಿ

ಇಷ್ಟೇ. ಸಾಲುಗಳ ನಡುವೆ ಗೀರು ಎಳೆಯುವಷ್ಟು ಹೊತ್ತು ಬಾಯಿ ಮುಚ್ಚಿರಬೇಕೆಂದು ಅವರಿಗೆ ತಿಳಿಸಿ ಹೇಳು.

ನಾನು ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಹರಿದ ಹಾಸುಗಳಿಗೆ ತೇಪೆ ಹಾಕುತ್ತ ಇದ್ದೇನೆ. ಮಗಳು ಅಳಿಯ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಉಪ್ಪು ಮಾತ್ರ ಕಡಿಮೆ ಹಾಕುತ್ತಾರೆ.

ಅಂಚೆಯಲ್ಲಿ ಕಾಗದ ಒಡೆದು ಓದುತ್ತಿದ್ದ ಕಾಲದಲ್ಲಿ ನಾವು ಮಾಡಿಕೊಂಡ ಒಪ್ಪಂದವನ್ನು ನಾನೂ ಮರೆತಿಲ್ಲ. ದೊರೆ ಹೋದ, ಅಂಚೆಯಲ್ಲಿ ಕೂತವರು ಅವರೇ ತಾನೇ? ಕೇಳಬಾರದ್ದನ್ನು ನಾನು ಕೇಳುವುದಿಲ್ಲ. ನೀನೂ ಬರೆಯಬೇಡ. ನನಗೆ ಅರ್ಥವಾಗುತ್ತದೆ.

ಅತ್ತೆ


ಏಪ್ರಿಲ್ 19

ಅತ್ತೆಗೆ ನಮಸ್ಕಾರ.

ಹಾಡಿ ಬಂದೆ.

ಹಳೆಯ ತೆರಿಗೆ ಕಚೇರಿಯ ಮಹಡಿ. ಗೋಡೆಯಲ್ಲಿ ದೊರೆಯ ಪಟವಿದ್ದ ಚೌಕ ಮಾತ್ರ ಬೆಳ್ಳಗೆ ಉಳಿದಿದೆ. ಮೇಜಿನಾಚೆ ಮೂವರು: ನಿವೃತ್ತರಾದ ಒಬ್ಬ ನ್ಯಾಯಾಧೀಶೆ, ಒಬ್ಬ ಕಾಲೇಜು ಮೇಷ್ಟ್ರು, ಒಬ್ಬ ಬ್ಯಾಂಡ್ ಮಾಸ್ಟರ್. ನನ್ನ ಹಿಂದಿನ ಸರದಿಯ ಮುದುಕರ ಹಾಡು ಎಷ್ಟು ಉದ್ದವಿತ್ತೆಂದರೆ, ಮುಗಿದಾಗ ಮೇಷ್ಟ್ರನ್ನು ಮುಟ್ಟಿ ಎಬ್ಬಿಸಬೇಕಾಯಿತು.

ನಾನು ಕಟರ್, ಅಳತೆ ಪಟ್ಟಿ, ಒಂದು ತುಂಡು ಗಾಜು ಒಯ್ದಿದ್ದೆ. ಕೈ ಖಾಲಿಯಿದ್ದರೆ ನನಗೆ ಆ ಹಾಡು ಬರುವುದಿಲ್ಲ. ಮೊದಲ ಸಾಲು ಹಾಡಿ ಗೀರು ಎಳೆದೆ. ಬ್ಯಾಂಡ್ ಮಾಸ್ಟರ್ ಕೈ ಎತ್ತಿದರು.

"ಮರೆತುಹೋಯ್ತೇನಮ್ಮ?"

"ಇಲ್ಲ ಸಾರ್. ಇಲ್ಲಿ ಗಾಜು ಕತ್ತರಿಸ್ತಾರೆ."

"ಇಡೀ ದೇಶ ಗಾಜು ಕತ್ತರಿಸತ್ತಾ?"

"ಸುಮ್ನೆ ನಿಂತ್ಕೊಳ್ಳೋಕೆ ಬರತ್ತಲ್ಲ ಸಾರ್, ಅಷ್ಟು ಸಾಕು."

ನ್ಯಾಯಾಧೀಶೆ ನಕ್ಕರು. ಪೂರ್ತಿ ಹಾಡಿಸಿದರು, ಇನ್ನೊಮ್ಮೆ ಹಾಡಿಸಿದರು.

ಆಮೇಲೆ ಹಾಡು ಕಟ್ಟಿದ ಇವರ ಬಗ್ಗೆ ಕೇಳಿದರು. ಒಪ್ಪಂದ ಮುರಿಯುತ್ತಿದ್ದೇನೆ ಅತ್ತೆ. ಅಲ್ಲಿ ಬಾಯಿಬಿಟ್ಟು ಹೇಳಿದ್ದನ್ನು ನಿಮಗೆ ಮುಚ್ಚಿಡಲಾರೆ. ಅಂಗಡಿಯಲ್ಲಿ ರೇಡಿಯೋ ಹಾಕಿತ್ತು, ರಾಷ್ಟ್ರಗೀತೆ ಬಂತು, ಅಂಗಡಿಗೆ ಬಂದಿದ್ದ ಅಧಿಕಾರಿ ಎದ್ದು ನಿಂತ, ಇವರು ಮೇಜಿನ ಮೇಲೆ ಬಗ್ಗಿಯೇ ಇದ್ದರು, ಸಂಜೆ ಜೀಪು ಬಂತು ಎಂದು ಹೇಳಿದೆ. "ಕೈ ಬಿಟ್ಟು ಎದ್ದು ನಿಲ್ಲಬಹುದಿತ್ತಲ್ಲ?" ಎಂದು ಮೇಷ್ಟ್ರು ಕೇಳಿದರು. "ಅರ್ಧ ಗೀರಲ್ಲಿ ಕೈ ಎತ್ತಿದ್ರೆ ಗಾಜು ಹಾಳು. ಅಂಚು ಮುಟ್ಟಿಸೇ ಎದ್ರು. ಅಷ್ಟರಲ್ಲಿ ಹಾಡು ಮುಗಿದಿತ್ತು" ಎಂದೆ.

ಇನ್ನೂ ಏನೇನೋ ಕೇಳಿದರು. ಉತ್ತರ ಕೊಟ್ಟೆ.

ಮುರಿದ ಗಾಜಿನ ಒಂದು ಪಟ್ಟಿಯನ್ನು ನ್ಯಾಯಾಧೀಶೆ ಇಟ್ಟುಕೊಂಡರು. ಅಂಚು ಉಜ್ಜಿಲ್ಲ, ಕೈ ಕೊಯ್ಯುತ್ತದೆ ಎಂದು ಎಚ್ಚರಿಸಿ ಬಂದೆ.

ನಿಮ್ಮ ಸೊಸೆ


ಮೇ 16

ಮಗಳೇ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವರಿಗೆಲ್ಲ ಹೇಳಿದ್ದೇನೆ. ನಮ್ಮ ಕೆಲಸದ ಮೇಲ್ವಿಚಾರಕಿ ಒಬ್ಬಳಿದ್ದಾಳೆ, ಯಾವುದನ್ನೂ ನಂಬದವಳು. "ರಾಷ್ಟ್ರಗೀತೆ ಬರೆದೋನ ಅಮ್ಮ ಇಲ್ಲಿ ಯಾಕೆ ತೇಪೆ ಹಾಕ್ತಾಳೆ?" ಎಂದಳು. "ಹಾಡಿಂದ ಹಾಸು ಹೊಲಿಯಕ್ಕಾಗಲ್ಲ ಕಣೇ" ಎಂದೆ.

ನೀನು ಒಪ್ಪಂದ ಮುರಿದದ್ದು ನೋಡಿ ನನಗೆ ಸಮಾಧಾನವೇ ಆಯಿತು. ಬರೆಯಬಹುದಾದ ಕಾಲ ಬಂತು ಎಂದು ತಾನೇ ಅದರ ಅರ್ಥ? ಆದರೂ ಅವಸರ ಬೇಡ. ಇಷ್ಟು ವರ್ಷ ಎಚ್ಚರವಾಗಿದ್ದವರು ಇನ್ನು ಸ್ವಲ್ಪ ದಿನ ಇರೋಣ.

ರೇಡಿಯೋದಲ್ಲಿ ಯಾವಾಗ ಹಾಕುತ್ತಾರೆಂದು ಕೇಳಿ ತಿಳಿಸು. ರೇಡಿಯೋಗೆ ಗಡಿಯೂ ಇಲ್ಲ, ಗೋಡೆಯೂ ಇಲ್ಲ. ಎಲ್ಲಿದ್ದರೂ ಕಿವಿಗೆ ಬೀಳುತ್ತದೆ. ತನ್ನ ಹಾಡು ತಾನೇ ಕೇಳಿಸಿಕೊಂಡವನು ಎಷ್ಟು ದಿನ ಅಂತ ಸುಮ್ಮನಿರುತ್ತಾನೆ?

ಇನ್ನೊಂದು ಜೊತೆ ಕೈಗವಸು ಶುರು ಮಾಡಿದ್ದೇನೆ. ಸ್ವಲ್ಪ ದೊಡ್ಡ ಕೈಗೆ.

ಅತ್ತೆ


ಜೂನ್ 27

ಅತ್ತೆಗೆ ನಮಸ್ಕಾರ.

ಮೂರು ಹಾಡು ಉಳಿದಿವೆ, ನಮ್ಮದೂ ಒಂದು. ಜುಲೈ ಕೊನೆಯ ಭಾನುವಾರ ರೇಡಿಯೋದಲ್ಲಿ ಮೂರನ್ನೂ ಹಾಕುತ್ತಾರಂತೆ. ನಿಮ್ಮ ಕಡೆ ನಮ್ಮ ಸ್ಟೇಷನ್ ಸರಿಯಾಗಿ ಸಿಗುವುದಿಲ್ಲವಲ್ಲ, ಒದ್ದಾಡಬೇಡಿ. ನಾನೇ ಬರೆದು ತಿಳಿಸುತ್ತೇನೆ.

ಕೈಗವಸಿನ ವಿಷಯ ಓದಿದೆ. ಉತ್ತರ ಬರೆಯಲು ಕುಳಿತೆ, ಎದ್ದೆ, ಮತ್ತೆ ಕುಳಿತೆ. ಗಿರಾಕಿಗಳು ಬಂದಿದ್ದಾರೆ.

ನಿಮ್ಮ ಸೊಸೆ


ಜುಲೈ 30

ಸ್ಟೇಷನ್ ಸಿಕ್ಕಿತು.

ಅಳಿಯ ಕಿಟಕಿಯ ಸರಳಿಗೆ ತಂತಿ ಎಳೆದು ಹಿಡಿಸಿದ. ಒಗೆಯುವವರು ಬಂದಿದ್ದರು. ಏನನ್ನೂ ನಂಬದವಳೂ ಬಂದಿದ್ದಳು. ಮನೆಯಲ್ಲಿ ಕುರ್ಚಿ ಸಾಲದೆ ಹಾಸಿಗೆಯ ಮೇಲೆ ಕೂರಿಸಿದೆ.

ನಮ್ಮದು ಎರಡನೆಯದು. ಹೇಳುವವಳ ದನಿ ಚೆನ್ನಾಗಿತ್ತು. ನನ್ನ ಮಗನ ಹೆಸರನ್ನು ಎಷ್ಟು ಸ್ಪಷ್ಟವಾಗಿ ಹೇಳಿದಳು. ಅದಕ್ಕೆ ಮುಂಚೆ ದಿವಂಗತ ಎಂದಳು.

ಆಮೇಲೆ ಹಾಡು ಬಂತಂತೆ. ನನಗೆ ಕೇಳಿಸಿದ್ದು ಡ್ರಮ್ ಮಾತ್ರ. ಅವನು ಉಸಿರು ಹಿಡಿಯುವ ಜಾಗದಲ್ಲೆಲ್ಲ ಡ್ರಮ್ ಬಡಿದು ತುಂಬಿಸಿದ್ದಾರೆ.

ಆ ನಂಬದವಳು ಬಂದು ನನ್ನ ಕೈ ಹಿಡಿದುಕೊಂಡಳು. "ಮಗ ಹೋದ್ರು ಅಂತ ಹೇಳ್ಲೇ ಇಲ್ವಲ್ಲಮ್ಮ, ಯಾವಾಗ ಹೋದ್ರು?" ಎಂದು ಕೇಳಿದಳು. ನನಗೆ ಗೊತ್ತಿದ್ದರೆ ತಾನೇ ಹೇಳುವುದು.

ನನ್ನ ಮಗಳು ಒಲೆ ಕಡೆ ಮುಖ ಮಾಡಿ ನಿಂತಿದ್ದಳು. ತಿರುಗಲೇ ಇಲ್ಲ.

ಆ ಮಾತನ್ನು ಅವರಿಗೆ ಹೇಳಿದವರು ಯಾರು?


ಆಗಸ್ಟ್ 22

ಅತ್ತೆ,

ನಾನೇ ಹೇಳಿದ್ದು.

ಕಚೇರಿಯ ಮಾತು ಎಂದು ನಿಮಗೆ ಬರೆಯದೆ ಬಿಟ್ಟ ನಿಯಮ ಅದು. ಹಾಡು ಬರೆದವರು ಬದುಕಿರಬಾರದು. ಹಳೆಯ ಹಾಡಿನವನು ಓಡಿಹೋದ ಮೇಲೆ ಅವರಿಗೆ ಆ ಹೆದರಿಕೆ. ಬದುಕಿರುವವನು ನಾಳೆ ಏನಾಗುತ್ತಾನೋ, ಸತ್ತವನು ಇನ್ನು ಕೆಡುವುದಿಲ್ಲ ಎಂದು ಬ್ಯಾಂಡ್ ಮಾಸ್ಟರ್ ವಿವರಿಸಿದರು. ನ್ಯಾಯಾಧೀಶೆ ನನ್ನನ್ನು ನೋಡಿ ಕೇಳಿದರು: "ನಿಮ್ಮ ಯಜಮಾನ್ರು ಇದಾರಾಮ್ಮ?" ಕಟರ್ ಇನ್ನೂ ನನ್ನ ಕೈಯಲ್ಲಿತ್ತು. "ಇಲ್ಲ" ಎಂದೆ. ಅದನ್ನು ಬರೆದುಕೊಂಡರು.

ನಿಮಗೆ ಮೊದಲೇ ಹೇಳಬೇಕಿತ್ತು. ನೀವು ಒಪ್ಪಿಕೊಂಡಿದ್ದೀರಿ ಎಂದುಕೊಂಡಿದ್ದೆ. ಮೊದಲೆಲ್ಲ ಪ್ರತಿ ಕಾಗದದಲ್ಲೂ ಹೇಗಾದರೂ ಸುತ್ತಿ ಬಳಸಿ ಕೇಳುತ್ತಿದ್ದಿರಿ. ಆಮೇಲೆ ಕೇಳುವುದು ನಿಲ್ಲಿಸಿದಿರಿ. ಕೇಳಬಾರದ್ದನ್ನು ಕೇಳುವುದಿಲ್ಲ, ನನಗೆ ಅರ್ಥವಾಗುತ್ತದೆ ಎಂದು ಬರೆದಿರಿ. ನಿಮಗೂ ಗೊತ್ತಾಗಿದೆ, ಬಾಯಿಬಿಟ್ಟು ಆಡಿಕೊಳ್ಳುವುದು ಬೇಡ ಎಂದು ಹೇಳುತ್ತಿದ್ದೀರಿ ಅಂತ ತಿಳಿದೆ. ದೊಡ್ಡ ಕೈಗೆ ಕೈಗವಸು ಎಂದು ಓದಿದ ದಿನವೇ ನನ್ನ ತಪ್ಪು ತಿಳಿಯಿತು. ಆಗ ಬರೆಯಲು ಧೈರ್ಯ ಬರಲಿಲ್ಲ.

ಜೈಲುಗಳ ಬಾಗಿಲು ತೆಗೆದಾಗ ನಾನು ಹೋಗಿ ನಿಂತಿದ್ದೆ. ಬಂದವರೆಲ್ಲ ಬಂದರು. ಇವರು ಬರಲಿಲ್ಲ. ಇವರಿಗೆ ಒಂದು ಸಮಾಧಿಯ ಕಲ್ಲಿಲ್ಲ, ನೆನೆಯಲು ಒಂದು ದಿನವಿಲ್ಲ. ಹಾಡಾದರೂ ಇರಲಿ, ಬೆಳಿಗ್ಗೆ ಎಲ್ಲ ಮಕ್ಕಳೂ ಎದ್ದು ನಿಂತು ಹಾಡಲಿ ಎನ್ನಿಸಿತು. ಅಷ್ಟೇ.

ಸೊಸೆ


ಸೆಪ್ಟೆಂಬರ್ 11

ನೀನು ಅವನನ್ನು ಎಲ್ಲೋ ಬಚ್ಚಿಟ್ಟಿದ್ದೀಯ ಎಂದು ನಾನು ತಿಳಿದಿದ್ದೆ.

ಬೆಟ್ಟದಾಚೆಯೋ, ಯಾರದೋ ಅಟ್ಟದ ಮೇಲೋ. ಕಾಗದ ಒಡೆದು ಓದುವವರಿಗೆ ಸುಳಿವು ಸಿಗದಿರಲಿ ಎಂದು ನೀನು ಬರೆಯುತ್ತಿಲ್ಲ ಎಂದುಕೊಂಡೆ. ಅದಕ್ಕೇ ಕೇಳುವುದು ಬಿಟ್ಟೆ. ನಾಲಿಗೆ ಕಚ್ಚಿಕೊಂಡು ಬಿಟ್ಟೆ. ನನ್ನ ಬಾಯಿಂದ ಅವನಿಗೆ ಅಪಾಯವಾಗಬಾರದು ಎಂದು ಬಿಟ್ಟೆ. ನಾನು ಅವನನ್ನು ಕಾಯುತ್ತ ಸುಮ್ಮನಿದ್ದರೆ, ನೀನು ಆ ಮೌನದ ಮೇಲೆ ಮಣ್ಣು ಹಾಕಿದೆ.

ಕಂಡವರುಂಟೇ? ಹೆಣ ನೋಡಿದವರುಂಟೇ? ಒಂದು ಹಾಡಿಗೆ ಆಸೆಪಟ್ಟು ಬದುಕಿರುವವನನ್ನು ಇಲ್ಲ ಎಂದೆಯಲ್ಲ. ಇನ್ನೊಂದು ಮನೆ ಮಾಡಿಕೊಳ್ಳಬೇಕಿದ್ದರೆ ನೇರವಾಗಿ ಹೇಳಬಹುದಿತ್ತು. ಅದಕ್ಕೆ ನನ್ನ ಮಗ ಸಾಯಬೇಕಾಗಿರಲಿಲ್ಲ.

ಹೋಗಿ ಆ ಮಾತು ವಾಪಸು ತೆಗೆದುಕೋ. ಅಲ್ಲಿಯವರೆಗೆ ನನಗೆ ಕಾಗದ ಹಾಕಬೇಡ.


ಅಕ್ಟೋಬರ್ 7

ಅತ್ತೆಗೆ ನಮಸ್ಕಾರ.

ವಾಪಸು ತೆಗೆದುಕೊಂಡೆ. ಅದಕ್ಕೇ ಬರೆಯುತ್ತಿದ್ದೇನೆ.

ಅದೇ ಮಹಡಿ. ಗೋಡೆಯ ಬಿಳಿ ಚೌಕಕ್ಕೆ ಈಗ ಒಂದು ಕ್ಯಾಲೆಂಡರ್ ನೇತುಹಾಕಿದ್ದಾರೆ. ನಾನು ಕೊಟ್ಟ ಗಾಜಿನ ಪಟ್ಟಿ ನ್ಯಾಯಾಧೀಶೆಯ ಮುಂದೆ ಕಾಗದಗಳ ಮೇಲೆ ಭಾರಕ್ಕಿತ್ತು. ಅಂಚನ್ನು ಯಾರ ಕೈಲೋ ಉಜ್ಜಿಸಿದ್ದರು.

"ನಮ್ಮೆಜಮಾನ್ರು ಇಲ್ಲ ಅಂದಿದ್ದೆ ಮೇಡಂ. ಅದು ತಪ್ಪು. ನಂಗೆ ಗೊತ್ತಿಲ್ಲ" ಎಂದೆ.

"ಯೋಚನೆ ಮಾಡಿ ಹೇಳ್ತಿದೀರಾ? ಇವತ್ತು ನಾವು ಮೂರೂ ಜನ ನಿಮ್ಮದಕ್ಕೇ ಕೈ ಎತ್ತೋರಿದ್ವಿ."

"ಯೋಚನೆ ಮಾಡಿದೀನಿ."

"ಹೆಂಡ್ತಿ ನೀವು. ನಿಮ್ಮ ಮನಸ್ಸಿಗೆ ಏನನ್ಸತ್ತೆ, ಇದಾರಾ ಇಲ್ವಾ?"

"ಅವರಮ್ಮ ಇದಾರೆ ಅಂತಾರೆ. ನನಗಿಂತ ಮುಂಚಿಂದ ಅವರಿಗೆ ಗೊತ್ತು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮೂರನೆಯ ಹಾಡನ್ನು ಆರಿಸಿದರು. ಬೆಟ್ಟ, ನದಿ, ಹೊಲ ಎಲ್ಲ ಇದೆ. ಮುತ್ತಜ್ಜಂದಿರ ಕಾಲದ್ದು, ಯಾರು ಬರೆದದ್ದೋ ಯಾರಿಗೂ ಗೊತ್ತಿಲ್ಲವಂತೆ. ಚೆನ್ನಾಗಿಯೇ ಇದೆ ಅತ್ತೆ, ಮಕ್ಕಳ ಬಾಯಿಗೆ ಕೂರುತ್ತದೆ.

ಮೆಟ್ಟಿಲ ಹತ್ತಿರ ಬ್ಯಾಂಡ್ ಮಾಸ್ಟರ್ ಹಿಂದೆಯೇ ಬಂದರು. "ಡ್ರಮ್ ತೆಗೆಸಿಬಿಟ್ಟಿದ್ದೆ ಕಣಮ್ಮ. ಸುಮ್ನೆ ಇದ್ದು ನೋಡಿದ್ವಿ, ಅದೇ ಚೆನ್ನಾಗಿತ್ತು" ಎಂದರು.

ಇನ್ನೊಂದು ಮನೆಯ ಮಾತು ಆಡಿದಿರಿ. ನಾನು ಇರುವುದು ಅದೇ ಮನೆಯಲ್ಲಿ, ಅದೇ ಮೇಜಿನ ಎದುರು. ನಿಮ್ಮ ಮಗ ಬಂದರೆ ಹುಡುಕಬೇಕಾಗಿಲ್ಲ.

ನಿಮ್ಮ ಸೊಸೆ


ಅಕ್ಟೋಬರ್ 7

ಮಗಳೇ,

ಈ ಕಾಗದ ನಿನಗೆ ಬೇಗ ಮುಟ್ಟಲಿ. ಕಚೇರಿಗೆ ಹೋಗಬೇಡ. ಹೋಗಿದ್ದರೆ ನನ್ನದೇ ತಪ್ಪು.

ನಿನ್ನೆ ನಾನೂ ಮಗಳೂ ಬಟಾಣಿ ಸುಲಿಯುತ್ತ ಕೂತಿದ್ದೆವು. ನಾನು ನಿನ್ನನ್ನು ಬೈಯುತ್ತಿದ್ದೆ. ಅವಳು ಇದ್ದಕ್ಕಿದ್ದಂತೆ ಬುಟ್ಟಿ ಪಕ್ಕಕ್ಕಿಟ್ಟಳು.

"ಅಮ್ಮ, ಸಾಕು. ಅತ್ತಿಗೆನ ಬೈಬೇಡ."

"ನಿನಗೇನು ಗೊತ್ತೇ?"

"ನಂಗೊತ್ತು. ನಿಂಗೆ ಹೇಳ್ಬೇಡ ಅಂದಿದ್ರು."

ಅವಳು ಹಿಂದೆ ಊರಿಗೆ ಬಂದು ಹೋದಾಗ ಅಂಗಡಿಯ ಬಾಗಿಲು ಹಾಕಿಕೊಂಡು ನೀನು ಹೇಳಿದ್ದೆಲ್ಲ ಹೇಳಿದಳು. ಜೈಲಿನಿಂದ ಬಿಡುಗಡೆಯಾದ ಬಡಗಿಯೊಬ್ಬ ನಿನ್ನನ್ನು ಹುಡುಕಿಕೊಂಡು ಬಂದದ್ದು. ಗೋಡೆಯ ಆಚೆ ಅವನ ಕೋಣೆ, ಈಚೆ ಇವನದು. ದಿನಾ ಬೆಳಿಗ್ಗೆ ಇವನು ಹಾಡುತ್ತಿದ್ದನಂತೆ. ಒಂದು ಸಾಲು, ಆಮೇಲೆ ಸುಮ್ಮನೆ, ಆಮೇಲೆ ಇನ್ನೊಂದು ಸಾಲು. ಕೈಯಲ್ಲಿ ಕಟರ್ ಇಲ್ಲದಿದ್ದರೂ ಆ ಜಾಗ ಬಿಡುತ್ತಿದ್ದನಂತೆ. ಒಂದು ಬೆಳಿಗ್ಗೆ ಮೊದಲ ಸಾಲು ಬಂತು. ಬಡಗಿ ಕಾದ. ಎರಡನೆಯ ಸಾಲು ಬರಲಿಲ್ಲ.

"ಬೇರೆ ಕಡೆ ಸಾಗಿಸಿರಬಹುದಲ್ಲೇ" ಎಂದೆ. ನನ್ನ ಬಾಯಿಂದ ಮೊದಲು ಬಂದದ್ದು ಅದೇ. ಉತ್ತರ ನನಗೇ ಗೊತ್ತಿತ್ತು. ಅವನ ಮೊಂಡುತನ ನನಗೆ ಗೊತ್ತಿಲ್ಲವೇ? ದೇಶವೇ ಎದ್ದು ನಿಂತಾಗಲೂ ಅರ್ಧ ಗೀರಿನಲ್ಲಿ ಕೈ ಎತ್ತದವನು. ಎಳೆದುಕೊಂಡು ಹೋಗುತ್ತಿದ್ದರೂ ಎರಡನೆಯ ಸಾಲನ್ನು ಕೂಗಿಯಾದರೂ ಹೇಳುತ್ತಿದ್ದ. ಉಸಿರಿದ್ದರೆ ಹೇಳುತ್ತಿದ್ದ.

ಇದನ್ನು ಎದೆಯಲ್ಲಿಟ್ಟುಕೊಂಡು ನನಗೆ ಕೈಗವಸಿನ ವಿಷಯ, ದರ್ಜಿಯ ವಿಷಯ ಬರೆಯುತ್ತಿದ್ದೆ. ಹೆಣ ಕಂಡವರುಂಟೇ ಎಂದು ಕೇಳಿದೆನಲ್ಲ, ಆಗಲೂ ನೀನು ನನಗೆ ಇದನ್ನು ಬರೆಯಲಿಲ್ಲ. ಇನ್ನೊಂದು ಮನೆ ಎಂದೆ. ಆ ನಾಲಿಗೆಯನ್ನು ಏನು ಮಾಡಲಿ?

ಹಾಡು ದೇಶದ್ದಾಗಲಿ. ನೀನು ಕೊಟ್ಟ ಮಾತು ಹಾಗೇ ಇರಲಿ. ಯಾರಾದರೂ ಕೇಳಿದರೆ ಅವನ ತಾಯಿಯೂ ಅದನ್ನೇ ಹೇಳುತ್ತಾಳೆಂದು ಹೇಳು. ಇಲ್ಲ. ನನ್ನ ಮಗ ಇಲ್ಲ. ನೋಡು, ಬರೆದೆ.

ಅತ್ತೆ


ನವೆಂಬರ್ 1

ಮಗಳೇ,

ನಿನ್ನ ಕಾಗದ ಬಂತು. ಮೇಲಿನ ತಾರೀಖು ನೋಡಿದೆ. ನನ್ನದು ನಿನ್ನ ಕೈ ಸೇರಿರುತ್ತದೆ, ನೀನೂ ನೋಡಿರುತ್ತೀಯ. ನಾನು ನಿನ್ನ ಮನೆ ಬಾಗಿಲು ತಟ್ಟಲು ಹೊರಟ ಹೊತ್ತಿಗೆ ನೀನು ನನ್ನ ಬಾಗಿಲಿಗೆ ಬಂದೆ. ಇಬ್ಬರ ಮನೆಗೂ ಬೀಗ.

ಮತ್ತೆ ಕಚೇರಿಗೆ ಹೋಗಬೇಡ. ಒಬ್ಬ ಮನುಷ್ಯನನ್ನು ಎಷ್ಟು ಸಲ ಅಂತ ಸಾಯಿಸುವುದು, ಎಷ್ಟು ಸಲ ಅಂತ ಬದುಕಿಸುವುದು? ಬೆಟ್ಟ, ನದಿಯ ಹಾಡೇ ಇರಲಿ. ಮಕ್ಕಳಿಗೆ ನಿಲ್ಲಲು ಒಂದು ಹಾಡು ಬೇಕು, ಸಿಕ್ಕಿತು.

ನಿನಗೆ ಗೊತ್ತಿದ್ದೂ ಗೊತ್ತಿದ್ದೂ ಅವರ ಮುಂದೆ ನಿಂತು ಗೊತ್ತಿಲ್ಲ ಎಂದೆ. ನನಗೋಸ್ಕರ. ಆ ಒಂದು ಮಾತನ್ನು ಓದಿದ ಮೇಲೆ ನಾನು ಹಾಸಿಗೆಯ ಮೇಲೆ ಕೂತೆ, ಮಗಳು ಕರೆದರೂ ಏಳಲಿಲ್ಲ. ಆಸ್ಪತ್ರೆಯಲ್ಲಿ ಆ ನಂಬದವಳಿಗೆ ಮಾತ್ರ ಹೇಳಿದೆ. "ನಿಮ್ಮ ಸೊಸೆನ ನಾನು ನೋಡ್ಬೇಕು" ಎಂದಳು. ನಾನೂ ನೋಡಬೇಕು. ಚಳಿ ಮುಗಿಯಲಿ, ಬರುತ್ತೇನೆ.

ದೊಡ್ಡ ಕೈಯ ಜೊತೆಯನ್ನು ಇದರ ಜತೆಗೇ ಕಳಿಸಿದ್ದೇನೆ. ಬಿಚ್ಚಿ ನಿನ್ನ ಅಳತೆಗೆ ಹೆಣೆಯೋಣ ಎಂದುಕೊಂಡೆ, ಕೈ ಬರಲಿಲ್ಲ. ನಿನ್ನದರ ಮೇಲೆ ಅದನ್ನೂ ಹಾಕಿಕೋ, ಬೆಚ್ಚಗಿರುತ್ತದೆ.

ಅಂಗಡಿಯಲ್ಲಿ ಕೆಲಸಕ್ಕೆ ನಿಂತಾಗ ಅವನ ಹಾಡು ಹಾಡು. ಯಾರ ಅಪ್ಪಣೆಯೂ ಬೇಕಾಗಿಲ್ಲ. ಗಾಜು ಹಾಸು, ಪಟ್ಟಿ ಇಡು, ಉಸಿರು ಹಿಡಿದು ಗೀರು ಎಳೆ. ಮೊದಲನೆಯ ಸಾಲು ಹಾಡಬೇಡ. ಅದನ್ನು ಅವನು ಹಾಡಿ ಮುಗಿಸಿದ್ದಾನೆ. ನೀನು ಎರಡನೆಯದರಿಂದ ಶುರು ಮಾಡು.

ಅತ್ತೆ